ಒದ್ದೆ ಹಾಸಿಗೆಯ ಉಪಚಾರ

ಬೀದಿಯವರೆಲ್ಲ ಅವಳನ್ನು ಹಾಸಿಗೆಯಕ್ಕ ಎಂದೇ ಕರೆಯುತ್ತಿದ್ದರು. ಹತ್ತಿ ಬಿಡಿಸಿ, ಹದವಾಗಿ ತುಂಬಿ, ಗೇಣುದ್ದದ ಸೂಜಿಯಲ್ಲಿ ಹೊಲಿದು ಕೊಟ್ಟಳೆಂದರೆ ಅದರ ಮೇಲೆ ಮಲಗಿದವರನ್ನು ಎಬ್ಬಿಸುವುದೇ ಮನೆಯವರಿಗೆ ಕಷ್ಟ. ಕೈ ಎಷ್ಟು ಮೆತ್ತಗೋ ನಾಲಗೆ ಅಷ್ಟೇ ಚೂಪು. ಅವಳ ತಂಟೆಗೆ ಹೋಗಿ ಗೆದ್ದವರು ಯಾರೂ ಇಲ್ಲ. ಬ್ಯಾಂಕಿನವರಿಗೆ ಈ ಸಂಗತಿ ಗೊತ್ತಿರಲಿಲ್ಲ, ಪಾಪ.

ಪಕ್ಕದ ಮನೆ ಬೇಕರಿಯವಳದ್ದು. ಎರಡು ಮನೆಗೂ ನಡುವೆ ಒಂದೇ ಗೋಡೆ. ಬೇಕರಿಯವಳು ದೊಡ್ಡ ಒಲೆ ಹಾಕಿಸಲು ಮನೆ ಅಡವಿಟ್ಟು ಸಾಲ ಎತ್ತಿದಳು. ಅಷ್ಟರಲ್ಲಿ ಗಂಡ ಕಾಯಿಲೆ ಬಿದ್ದ, ಕಂತು ಕಟ್ಟುವುದು ನಿಂತಿತು. ಬ್ಯಾಂಕಿನವರು ಬಂದು ಬೀಗ ಜಡಿದು, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ತಮ್ಮ ಹೆಸರು ಬರೆದು ಹೋದರು. ಬೇಕರಿಯವಳು ಗಂಡನನ್ನು ಕರೆದುಕೊಂಡು ಊರಾಚೆಯ ಬಾಡಿಗೆ ಕೋಣೆ ಸೇರಿದಳು. ಹೋಗುವ ದಿನ ಇಬ್ಬರು ಗೆಳತಿಯರೂ ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತರು.

ಬೀಗ ಬಿದ್ದ ಮನೆ ಹಾಳಾಗಲು ಎಷ್ಟು ಹೊತ್ತು? ಅಂಗಳದಲ್ಲಿ ಮುಳ್ಳುಗಿಡ ಆಳೆತ್ತರ ಬೆಳೆಯಿತು. ಇಲಿಗಳು ಬಾಡಿಗೆ ಇಲ್ಲದೆ ಸಂಸಾರ ಹೂಡಿದವು. ತಾರಸಿಯ ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡು ಮಳೆ ನೀರು ಅಲ್ಲೇ ನಿಂತಿತು, ನಿಂತದ್ದು ಮೆಲ್ಲಗೆ ಗೋಡೆಗಿಳಿಯಿತು. ಗೋಡೆಯ ಈಚೆಗೆ ಹಾಸಿಗೆಯಕ್ಕನ ಹತ್ತಿಯ ಕೋಣೆ. ಮೂಟೆಗಟ್ಟಲೆ ಹತ್ತಿ ಬೂಷ್ಟು ಹಿಡಿಯಿತು. ಹೊಸ ಹಾಸಿಗೆ ಒಯ್ದವರು ಮೂಗು ಮುಚ್ಚಿಕೊಂಡು ವಾಪಸು ತಂದರು. ಅನ್ನ ಕೊಡುವ ಕೆಲಸಕ್ಕೇ ಕಲ್ಲು ಬಿತ್ತು.

ಅವಳು ಬ್ಯಾಂಕಿಗೆ ಹೋದಳು. ಟೈ ಕಟ್ಟಿಕೊಂಡ ಆಫೀಸರು ತಲೆ ಎತ್ತದೆ ಹೇಳಿದ:

"ಮನೆ ನಮ್ಮ ವಶದಲ್ಲಿದೆ ಅಷ್ಟೇ ಅಮ್ಮ, ನಮ್ಮದಲ್ಲ. ಮಾರಾಟ ಆಗೋ ತನಕ ಅದನ್ನ ಮಾಲೀಕರೇ ನೋಡ್ಕೋಬೇಕು."

"ಹಾಗಾದ್ರೆ ಅವಳಿಗೆ ಬೀಗದ ಕೈ ಕೊಡಿ, ಬಂದು ಗುಡಿಸ್ಕೊಂಡು ಹೋಗ್ತಾಳೆ."

"ಅದು ಹೇಗಾಗುತ್ತೆ? ಸೀಲ್ ಆಗಿರೋ ಮನೆ."

ನಗರಸಭೆಯವರು ಖಾಸಗಿ ಜಾಗಕ್ಕೆ ತಾವು ಕಾಲಿಡುವಂತಿಲ್ಲ ಎಂದರು. ಹೀಗೆ ಎಲ್ಲರೂ ಕೈ ತೊಳೆದುಕೊಂಡರು. "ತೊಳೆದ ನೀರೆಲ್ಲ ನಮ್ಮ ಗೋಡೆಗೇ ಬಂತು ಅತ್ತೆ," ಎಂದು ಹಾಸಿಗೆಯಕ್ಕ ಮನೆಗೆ ಬಂದು ಅತ್ತೆಯ ಮುಂದೆ ಕೂಗಾಡಿದಳು.

ಮರುದಿನ ತನ್ನ ತಾರಸಿಯ ಮೋಟುಗೋಡೆ ದಾಟಿ ಆ ತಾರಸಿಗೆ ಇಳಿದು, ಕೊಳೆತ ಎಲೆಯನ್ನು ಬಾಚಿ ತೆಗೆದಳು. ನೀರು ಗಳಗಳನೆ ಹರಿದುಹೋಯಿತು. ಅಷ್ಟೇ ಕೆಲಸ! ಆದರೆ ಯಾರೋ ಪುಣ್ಯಾತ್ಮರು ಬ್ಯಾಂಕಿಗೆ ಸುದ್ದಿ ಮುಟ್ಟಿಸಿದರು. ಆಫೀಸರು ಪೊಲೀಸನನ್ನೇ ಕರೆತಂದ. ಅತಿಕ್ರಮ ಪ್ರವೇಶ ಅಂತೆ. ಇಡೀ ಬೀದಿ ನೋಡುತ್ತಿರುವಾಗ ಅವಳನ್ನು ಠಾಣೆಗೆ ನಡೆಸಿಕೊಂಡು ಹೋಗಿ, ಕಳ್ಳರ ಪಕ್ಕದಲ್ಲಿ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಅತ್ತೆ ಬಂದು ಕೈಕಾಲು ಹಿಡಿದು ಬಿಡಿಸಿಕೊಂಡು ಬಂದಳು. ಆ ವಾರವೇ ಬ್ಯಾಂಕು ಗಾರೆಯವನನ್ನು ಕಳಿಸಿ ಮೋಟುಗೋಡೆಯ ಉದ್ದಕ್ಕೂ ಗಾಜಿನ ಚೂರು ನೆಡಿಸಿತು. ಪೊರಕೆಗೆ ದುಡ್ಡಿಲ್ಲದವರಿಗೆ ಗಾಜಿಗೆ ದುಡ್ಡಿತ್ತು, ನೋಡಿ. ತೂತಿಗೆ ಮತ್ತೆ ಎಲೆ ಕಟ್ಟಿಕೊಂಡಿತು, ಗೋಡೆ ಮತ್ತೆ ನೆನೆಯಿತು.

ಹಾಸಿಗೆಯಕ್ಕ ಹಲ್ಲು ಕಡಿದಳು. "ಆ ಟೈ ಈ ಮನೆಯನ್ನ ಅದು ಹೇಗೆ ಮಾರ್ತಾನೋ ನಾನೂ ನೋಡ್ತೀನಿ!"

"ನೋಡು. ಆದ್ರೆ ಸುಳ್ಳು ಮಾತ್ರ ಹೇಳ್ಬೇಡ, ಸಿಕ್ಕಿಹಾಕ್ಕೋತೀಯ," ಎಂದಳು ಅತ್ತೆ.

ಸುಳ್ಳು ಯಾಕೆ ಬೇಕು? ಅವಳು ಒಂದು ದಪ್ಪ ಹಾಸಿಗೆಯನ್ನು ಆ ಗೋಡೆಗೆ ಒರಗಿಸಿಟ್ಟಳು. ಹತ್ತಿ ಹೊಟ್ಟೆ ತುಂಬ ನೀರು ಕುಡಿಯಿತು. ಮೇಲೆ ಒಣಗಿದ ದಪ್ಪ ಹೊದಿಕೆ ಹೊಲಿದು ಗೋಡೆಯ ಬಳಿ ನೆಲಕ್ಕೆ ಹಾಸಿದಳು. ಕೂತ ತಕ್ಷಣ ಏನೂ ತಿಳಿಯದು. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ನೀರು ಮೇಲೆ ಬರುತ್ತಿತ್ತು. ಮನೆ ನೋಡಲು ಬಂದವರನ್ನೆಲ್ಲ ಅವಳು ಕೈ ಹಿಡಿದು ಕರೆತರುವಳು. "ಒಳ್ಳೇ ಬೀದಿ, ಒಳ್ಳೇ ಗಾಳಿ. ಇದೇ ನೋಡಿ ಇಬ್ಬರಿಗೂ ಸೇರಿದ ಗೋಡೆ. ಕೂತ್ಕೊಳ್ಳಿ, ಕೂತ್ಕೊಳ್ಳಿ!" ಎದ್ದಾಗ ಅವರು ಹಿಂದೆ ಕೈಯಾಡಿಸಿಕೊಂಡು, ಗೋಡೆಯನ್ನೊಮ್ಮೆ ನೋಡಿ, ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಅತ್ತೆ ಒಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದಳು.

ಹರಾಜು ಕರೆದರೆ ಕೂಗುವವರೇ ಇಲ್ಲ. ಬೆಲೆ ಇಳಿಸಿದರು, ಮತ್ತೆ ಇಳಿಸಿದರು. ಕೊನೆಗೆ ಆಫೀಸರೇ ವಿಚಾರಿಸಿಕೊಂಡು ಹೋಗಲು ಬಂದ. ಅವನನ್ನಂತೂ ಅವಳು ಎರಡು ಲೋಟ ಚಹಾ ಕುಡಿಸಿಯೇ ಬಿಟ್ಟಳು. ಅವನು ಫೈಲನ್ನು ಹಿಂದೆ ಅಡ್ಡ ಹಿಡಿದುಕೊಂಡು ಬೀದಿಯ ತುದಿಯವರೆಗೆ ನಡೆದು ಹೋಗುವುದನ್ನು ಕಂಡು ಹಾಸಿಗೆಯಕ್ಕನ ಹೊಟ್ಟೆ ತಣ್ಣಗಾಯಿತು. ಹತ್ತಿ ಹಾಳಾದದ್ದು, ಬೆಂಚಿನ ಮೇಲೆ ಕೂತದ್ದು, ಎಲ್ಲವೂ ಬಡ್ಡಿ ಸಮೇತ ತೀರಿತು ಎಂದುಕೊಂಡಳು.

ಒಂದು ಮಧ್ಯಾಹ್ನ ಬೇಕರಿಯವಳು ಬಂದಳು. ಸೊರಗಿ ಅರ್ಧ ಆಗಿದ್ದಳು. ಹಾಸಿಗೆಯಕ್ಕನಿಗೆ ತಡೆಯಲಾಗಲಿಲ್ಲ, ಕೂರುವ ಮೊದಲೇ ಶುರು ಮಾಡಿದಳು.

"ನಿನ್ನ ಮನೆ ಕಿತ್ಕೊಂಡೋರಿಗೆ ಹೇಗೆ ಬುದ್ಧಿ ಕಲಿಸಿದೀನಿ ಕೇಳು!" ಹಾಸಿಗೆ, ಚಹಾ, ಫೈಲು, ಎಲ್ಲವನ್ನೂ ನಟಿಸಿ ತೋರಿಸಿದಳು.

ಬೇಕರಿಯವಳು ನಗಲಿಲ್ಲ.

"ನೀನಾ?" ಎಂದಳು. "ಬಂದೋರನ್ನ ಯಾರೋ ಓಡಿಸ್ತಿದಾರೆ ಅಂತ ಬ್ಯಾಂಕಲ್ಲಿ ಮಾತಾಡ್ಕೋತಿದ್ರು. ಯಾರು ಅಂದ್ರೆ ಆಫೀಸರು ಮುಖ ತಿರುಗಿಸ್ಕೊಂಡ, ನಿನ್ನ ಕೇಳೋಣ ಅಂತಲೇ ಬಂದೆ."

"ಯಾಕೆ, ಖುಷಿ ಆಗ್ಲಿಲ್ವಾ?"

"ಮನೆ ಎಷ್ಟಕ್ಕೆ ಹೋಗುತ್ತೋ ಅಷ್ಟು ಕಳೆದು ಮಿಕ್ಕ ಸಾಲ ನಾವೇ ಕಟ್ಟಬೇಕು ಕಣೆ. ಮೊದಲನೇ ಬೆಲೆಗೆ ಹೋಗಿದ್ರೆ ಎಲ್ಲಾ ತೀರ್ತಿತ್ತು. ಈಗ ಅವರು ಬೆಲೆ ಇಳಿಸಿದಷ್ಟೂ ನಮ್ಮ ತಲೆ ಮೇಲೆ ಬೀಳ್ತಿದೆ. ಬ್ಯಾಂಕಿಗೇನು ನಷ್ಟ? ನಾನು ಇವರ ಔಷಧಿ ಅರ್ಧ ಮಾಡಿದೀನಿ."

ಹಾಸಿಗೆಯಕ್ಕ ಒಳಗೆ ಓಡಿ ಒಂದು ಲೋಟ ನೀರು ತಂದಳು. ಬೇಕರಿಯವಳು ಬೈಯಲಿಲ್ಲ, ಶಪಿಸಲೂ ಇಲ್ಲ. ನೀರು ಸಹ ಕುಡಿಯದೆ ಎದ್ದು ಹೋದಳು.

ಅಂದಿನಿಂದ ಅತ್ತೆ ಸೊಸೆ ಇಬ್ಬರೂ ಗೇಟಿನ ಹೊರಗೆ ಕೈಗೆ ಸಿಕ್ಕ ಮುಳ್ಳುಗಿಡವನ್ನೆಲ್ಲ ಕಿತ್ತರು. ಕೆಂಡದ ಬಾಣಲೆ ಇಟ್ಟು ಗೋಡೆ ಆರಿಸಿದರು. ಇದ್ದುದರಲ್ಲಿ ಒಳ್ಳೆಯ ಹತ್ತಿ ಹಾಕಿ ಹಾಸಿಗೆಯಕ್ಕ ಹೊಸ ಹಾಸಿಗೆ ಹೊಲಿದು, ಬಿಸಿಲಿಗೆ ಹಾಕಿ, ಬಾಗಿಲ ಬಳಿ ಹಾಸಿದಳು. ಬಹಳ ದಿನಗಳ ಮೇಲೆ ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು. ಅವಳು ಓಡಿಹೋಗಿ ಕರೆದಳು.

"ಗಟ್ಟಿ ಮನೆ ಸ್ವಾಮಿ, ತಾರಸಿ ತೂತು ಬಿಡಿಸಿದ್ರೆ ಸರಿಹೋಗುತ್ತೆ. ಬನ್ನಿ, ಕೂತ್ಕೊಳ್ಳಿ."

ಗಂಡ ಎರಡು ಹೆಜ್ಜೆ ಹಿಂದೆ ಸರಿದ. "ಬೇಡಮ್ಮ, ನಿಮ್ಮ ಹಾಸಿಗೆ ವಿಷಯ ಕೇಳಿದೀವಿ."

"ಇದು ಒಣಗಿದ್ದು! ಮುಟ್ಟಿಯಾದ್ರೂ ನೋಡಿ!"

ಹೆಂಡತಿ ನಗು ತಡೆದುಕೊಂಡು ಗಂಡನ ತೋಳು ಎಳೆದಳು. ಹಾಸಿಗೆಯಕ್ಕ ತಾನೇ ಹಾಸಿಗೆಯ ಮೇಲೆ ಧೊಪ್ಪನೆ ಕೂತಳು, ಎದ್ದಳು, ಬೀದಿಗೆ ಬೆನ್ನು ತಿರುಗಿಸಿ ಬಟ್ಟೆ ತೋರಿಸಿದಳು. "ನೋಡಿ, ಒಂದು ಹನಿ ಇದೆಯಾ ನೋಡಿ!" ಎಂದು ಕೂಗಿದಳು. ಅಷ್ಟರಲ್ಲಿ ಅವರು ತಿರುವು ದಾಟಿ ಹೋಗಿದ್ದರು.