ಎಪ್ಪತ್ತು ಸಾವಿರದ ಸ್ಕೂಟರು

ಐವತ್ತೊಂದನೆಯ ವಯಸ್ಸಿನಲ್ಲಿ ಸ್ಕೂಟರ್ ಕೊಳ್ಳಲು ಹೊರಟೆ ಎಂದರೆ ನಿಮಗೆ ನಗು ಬರಬಹುದು. ಸಂಕೋಚ ಬೇಡ, ನಮ್ಮ ಮನೆಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಮಾದಿಹಳ್ಳಿಯಿಂದಾಚೆ ಒಂದು ಹಳ್ಳಿಯಲ್ಲಿ ನಾನು ಕನ್ನಡ ಟೀಚರು. ಇರುವುದು ಹಳೇಬೀಡಿನಲ್ಲಿ. ಬೆಳಗಿನ ಬಸ್ಸೊಂದು ಹೇಳದೆ ಕೇಳದೆ ನಿಂತುಹೋಯಿತು. ಮುಂದಿನ ಬಸ್ಸು ಹಿಡಿದರೆ ಮೊದಲನೆಯ ಪೀರಿಯಡ್ ಮುಗಿದಿರುತ್ತದೆ. ಮೊದಲನೆಯ ಪೀರಿಯಡ್ ಹತ್ತನೇ ತರಗತಿಯದು. ವರ್ಗ ಮಾಡಿಸಿಕೊಳ್ಳಿ ಎಂದರು ಮುಖ್ಯೋಪಾಧ್ಯಾಯರು. ಸ್ವಯಂ ನಿವೃತ್ತಿ ತಗೋ ಎಂದರು ಮನೆಯವರು. ನಾನು ಅಕ್ಕನ ಮಗಳ ಗಾಡಿಯಲ್ಲಿ ಕಲಿತು ಲೈಸೆನ್ಸು ಮಾಡಿಸಿಕೊಂಡೆ. ಚೀಟಿ ಎತ್ತಿದ ನಲವತ್ತು ಸಾವಿರ ಕೈಯಲ್ಲಿತ್ತು. ಅದರೊಳಗೆ ಹಳೆಯದೊಂದು ಗಾಡಿ ಕೊಂಡೇ ತೀರುವುದೆಂದು ನಿಶ್ಚಯಿಸಿದೆ.

ಆಮೇಲೆ ತಿಳಿಯಿತು, ನಮ್ಮ ಸೀಮೆಯಲ್ಲಿ ಹಳೆಯ ಗಾಡಿ ಎಂಬುದೇ ಇಲ್ಲ. ಇರುವುದೆಲ್ಲ "ಹೊಸದರಂಗೇ ಇರೋದು." ಬೇಲೂರಿನ ಗುಮಾಸ್ತರೊಬ್ಬರು ಹನ್ನೊಂದು ವರ್ಷದ ಸ್ಕೂಟರಿಗೆ ಅರವತ್ತೈದು ಹೇಳಿದರು. ಯಾಕೆ ಎಂದರೆ, ಹೋದ ತಿಂಗಳಷ್ಟೇ ಸೀಟಿಗೆ ಹೊಸ ಕವರು ಹಾಕಿಸಿದ್ದಾರಂತೆ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು, ತಾವು ಕೊಂಡ ಬೆಲೆಗಿಂತ ಐದು ಸಾವಿರ ಹೆಚ್ಚು ಹೇಳಿ, ಈಗ ಹೊಸದರ ಬೆಲೆ ಎಷ್ಟಾಗಿದೆ ನೋಡಿ ಎಂದು ನನಗೇ ಬುದ್ಧಿ ಹೇಳಿದರು. ಅವರನ್ನು ಅಂದು ಏನು ಪ್ರಯೋಜನ? ನಾನಿರುವ ಊರಿನ ಹೆಸರಿನಲ್ಲೇ "ಹಳೆ" ಇದೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂದು ನಂಬಿ ನಾವೂ ಹಳೆಯ ಗುಡಿ ನೋಡಲು ಬಂದ ಪ್ರವಾಸಿಗರಿಗೆ ಎಳನೀರು ಮಾರುತ್ತಿದ್ದೇವೆ.

ಇಷ್ಟಾದ ಮೇಲೆ ಕಣಕಟ್ಟೆಯ ರಂಗಪ್ಪನವರ ಸುದ್ದಿ ಬಂತು. ಅಂಚೆ ಹಂಚುತ್ತಿದ್ದವರು, ಈಗ ನಿವೃತ್ತರು. ಎರಡು ಬಸ್ಸು ಬದಲಿಸಿ ಹೋದೆ. ಹಳೆಯ ಬೆಡ್‌ಶೀಟು ಸರಿಸಿದರೆ ಒಂಬತ್ತು ವರ್ಷದ ಸ್ಕೂಟರು ಲಕಲಕ ಎನ್ನುತ್ತಿತ್ತು. ಕನ್ನಡಿಯ ಮೇಲಿನ ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ. ಬೆಲೆ ಕೇಳಿದೆ.

"ಎಪ್ಪತ್ತು ಸಾವ್ರ. ಒಂದ್ ರೂಪಾಯಿ ಕಮ್ಮಿ ಇಲ್ಲ ಟೀಚ್ರಮ್ಮ" ಎಂದರು.

ಬರಿಗೈಯಲ್ಲಿ ಬಂದೆ. ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಚೌಕಾಸಿಯ ಶಾಸ್ತ್ರ ಓದಿಕೊಂಡವಳಂತೆ ಹಿಂದಿನ ಟೈರು ಸವೆದಿದೆ, ಬ್ಯಾಟರಿ ಹಳೆಯದು ಎಂದು ಒಂದೊಂದೇ ತಪ್ಪು ಎಣಿಸಿದೆ. ನಲವತ್ತು ವಿದ್ಯಾರ್ಥಿಗಳ ಕಾಪಿ ತಿದ್ದುವ ಚಾಳಿ, ಎಲ್ಲಿ ಹೋಗುತ್ತದೆ! ರಂಗಪ್ಪನವರು ಗಾಡಿಗೆ ಬೆಡ್‌ಶೀಟು ಹೊದಿಸಿ ಒಳಗೆ ಹೋಗಿಬಿಟ್ಟರು. ಮಗುವಿಗೆ ನಾನೇನೋ ಅಂದೆನೆಂಬಂತೆ.

ಕಾಫಿ ತಂದವರು ಅವರ ಹೆಂಡತಿ ಪುಟ್ಟಮ್ಮ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅವ್ರಿಗೆ ಕಣ್ಣು ಮಂಜಾಗೈತೆ ಕಣವ್ವ. ಗಾಡಿ ಹತ್ತಿ ಒಂದ್ ವರ್ಷಾತು. ಮಾರ್ಬಿಟ್ರೆ, ಇನ್ ಓಡ್ಸಲ್ಲ ಅಂತ ಒಪ್ಕಂಡಂಗೆ ಅಲ್ವಾ? ಮಗಳು ಮಾರು ಮಾರು ಅಂತಾಳೆ. ಅದ್ಕೇ ಯಾರೂ ಕೊಳ್ಳಾಕಾಗ್ದಂಗೆ ಬೆಲೆ ಹೇಳ್ತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ನಮ್ಮ ಭಾಷೆಯಲ್ಲಿ ಮಾರುವವನು ಬೆಲೆ ಹೇಳುತ್ತಾನೆ, ಕೊಳ್ಳುವವನು ಬೆಲೆ ಕೇಳುತ್ತಾನೆ. ಕೇಳುವುದೆಂದರೆ ಕಿವಿಗೊಡುವುದೂ ಹೌದು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಆ ಎಪ್ಪತ್ತರಲ್ಲಿ ಒಬ್ಬ ಮನುಷ್ಯ ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಂಡಿರಲಿಲ್ಲ. ಕೇಳಿಸಿದ ಮೇಲೆ ಗಾಡಿಯ ಆಸೆ ಬಿಡಬೇಕಿತ್ತು. ಬಿಡಲಿಲ್ಲ. ಹತ್ತನೇ ತರಗತಿ ಬಿಡಲಾಗುತ್ತದೆಯೆ?

ಮೂರನೆಯ ಭಾನುವಾರ ಹೋದಾಗ ಬೆಲೆಯ ಮಾತೇ ಎತ್ತಲಿಲ್ಲ. ಲೈಸೆನ್ಸು ಬಂದಿದೆ, ಧೈರ್ಯ ಇನ್ನೂ ಬಂದಿಲ್ಲ, ಹಿಂದೆ ಯಾರನ್ನೂ ಕೂರಿಸಿಕೊಂಡು ಗೊತ್ತಿಲ್ಲ, ಸ್ವಲ್ಪ ಹೇಳಿಕೊಡುತ್ತೀರಾ ಎಂದೆ. ಅದು ಉಪಾಯವಲ್ಲ, ಪೂರಾ ನಿಜ. ರಂಗಪ್ಪನವರು ಎದ್ದು ಒಳಗಿನಿಂದ ಬೀಗದಕೈ ತಂದರು.

ಅವರು ಹಿಂದೆ ಕೂತರು, ನಾನು ಮುಂದೆ. ರಾಗಿ ಹೊಲಗಳ ನಡುವಿನ ದಾರಿ ಹಿಡಿದೆವು. ದಾರಿ ಮಂಜಾಗಿ ಕಂಡರೂ ಅವರಿಗೆ ಪ್ರತಿ ಗುಂಡಿಯೂ ಬಾಯಿಪಾಠ. ಇಲ್ಲಿ ಎಡಕ್ಕೆ, ಇಲ್ಲಿ ನಿಧಾನ, ಅಲ್ಲಿ ಹಾರ್ನ್ ಹೊಡೀರಿ ಎಂದು ಬೆನ್ನ ಹಿಂದಿನಿಂದ ಅಂಚೆ ಬಟವಾಡೆಯ ಹಳೆಯ ದಾರಿಗಳನ್ನೆಲ್ಲ ಹೇಳುತ್ತ ಹೋದರು. ಒಂದು ತೆಂಗಿನ ತೋಟದ ಮುಂದೆ ನಿಲ್ಲಿಸಲು ಹೇಳಿದರು. ಅವರದೇ ತೋಟ. ಒಬ್ಬರೇ ಬರಲಾಗದೆ, ಯಾರನ್ನೂ ಕರೆದುಕೊಂಡು ಹೋಗಿ ಎಂದು ಕೇಳಲಾಗದೆ, ವರ್ಷದಿಂದ ಅದನ್ನು ನೋಡಿರಲಿಲ್ಲವಂತೆ. ಇಳಿದು ಒಂದು ಮರವನ್ನು ಮುಟ್ಟಿ ಬಂದು ಕೂತರು.

ಮನೆಗೆ ಬಂದ ಮೇಲೆ ದಿನಾ ಓಡಿಸುತ್ತೀರಾ, ಮಳೆಯಲ್ಲಿ ನಿಲ್ಲಿಸುತ್ತೀರಾ ಎಂದು ವಿಚಾರಿಸಿದರು. ದಿನಾ ಓಡಿಸುತ್ತೇನೆ, ಮಳೆಯಲ್ಲಿ ನಿಲ್ಲಿಸುವುದಿಲ್ಲ ಎಂದೆ. ಕೈಯಲ್ಲಿ ಎಷ್ಟಿದೆ ಎಂದರು. ನಲವತ್ತು ಎಂದೆ.

"ಕೊಡಿ" ಎಂದರು. "ಆದ್ರೆ ಯಾರಾರ ಕೇಳಿದ್ರೆ ಎಪ್ಪತ್ತು ಅನ್ನಿ. ನಾನೂ ಹಂಗೇ ಅಂತೀನಿ."

ಮಾತು ಕೊಟ್ಟೆ. ಹಾಗಾಗಿ ಎಲ್ಲರಿಗೂ ಎಪ್ಪತ್ತು ಎಂದೇ ಹೇಳುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಲೆಕ್ಕ ಹಾಕಿ, ಪಾಪ ಎಂದರು. ಮನೆಯವರು ಇನ್ನೊಂದು ಸುತ್ತು ನಕ್ಕರು. ನಲವತ್ತೆಂಬುದು ಇಲ್ಲಿ ನಿಮಗೆ ಮಾತ್ರ ಹೇಳಿದ್ದು. ರಂಗಪ್ಪ ಎಂಬುದೂ ಅವರ ನಿಜವಾದ ಹೆಸರಲ್ಲ. ಮೊದಲನೆಯ ಪೀರಿಯಡ್‌ಗೆ ಮಾತ್ರ ನಾನು ಬೆಲ್ಲಿಗೆ ಮೊದಲೇ ಹಾಜರು.

ಹೋದ ವಾರ ನಮ್ಮ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಟೀಚರು ಸಿಡುಕಿಕೊಂಡು ಬಂದಳು. ಮಾದಿಹಳ್ಳಿಯಲ್ಲಿ ಯಾರದೋ ಹಳೆಯ ಗಾಡಿ ನೋಡಲು ಹೋಗಿದ್ದಳಂತೆ. ಹಳೇಬೀಡಿನ ಟೀಚರಮ್ಮ ಒಬ್ಬರು ಒಂಬತ್ತು ವರ್ಷದ ಸ್ಕೂಟರಿಗೇ ಎಪ್ಪತ್ತು ಕೊಟ್ಟಿದ್ದಾರೆ, ನಂದಕ್ಕೆ ಯಾಕೆ ಬರಲ್ಲ ಎಂದು ಅವರು ಪಟ್ಟು ಹಿಡಿದರಂತೆ. ನನ್ನ ಮುಖ ಬಿಸಿಯಾಯಿತು. ಆದರೂ ಮಾತು ಮಾತೇ. ಬೆಲೆಯ ವಿಷಯ ಅಲ್ಲಿಗೇ ಬಿಟ್ಟು, ನನಗೆ ತಿಳಿದಷ್ಟು ಹೇಳಿದೆ: "ಇನ್ನೊಂದ್ಸಲ ಹೋಗಮ್ಮ. ಎಷ್ಟು ಅಂತ ಕೇಳ್ಬೇಡ. ಒಂದು ಸುತ್ತು ಓಡಿಸಿ ನೋಡ್ತೀನಿ ಅನ್ನು. ಹೊರಡೋವಾಗ ಅವರನ್ನೂ ಹಿಂದೆ ಕೂರಿಸ್ಕೋ."