ದೇವರ ಮುಂದಿಟ್ಟ ರಿವಾಲ್ವರ್

ಎಪ್ಪತ್ತರ ದಶಕದ ನಡುವಿನ ಒಂದು ನವರಾತ್ರಿಗೆ ವಾಷಿಂಗ್ಟನ್ನಿನ ಸುದ್ದಿಮನೆಯಿಂದ ರಜೆ ಹಾಕಿ ಅಟ್ಲಾಂಟಾದ ಹೊರವಲಯದಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಭಾವ ಅಲ್ಲಿನ ಆಸ್ಪತ್ರೆಯೊಂದರಲ್ಲಿ ವೈದ್ಯರು. ಅವರ ಜೊತೆಯ ವೈದ್ಯರು ಶನಿವಾರ ಒಬ್ಬರ ಫಾರ್ಮಿನಲ್ಲಿ ಸೇರಿ ಖಾಲಿ ಡಬ್ಬಗಳಿಗೆ ಗುಂಡು ಹೊಡೆಯುತ್ತಿದ್ದರು. ಭಾವನಿಗೂ ಕರೆ ಬಂದಿತ್ತು. ಅಕ್ಕ ಮಾತು ಬಿಟ್ಟು ನೋಡಿ, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ್ದಳು: ಕೊಳ್ಳುವ ರಿವಾಲ್ವರನ್ನು ತಾನೇ ಆರಿಸಬೇಕು. ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದಾಡುವ ಪುಟ್ಟ ಮಗಳಿದ್ದಳು.

ಬಂದೂಕಿನ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಂಗಡಿಯವನು ಗಾಜಿನ ಮೇಲೆ ಎರಡು ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಇಟ್ಟ, ಒಂದು ಹಳೆಯದು, ಒಂದು ಹೊಸದು. ಎರಡರಲ್ಲೂ ಪ್ರತಿ ಗುಂಡಿಗೆ ಹಿಂದಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿ, ಆಮೇಲೆ ಟ್ರಿಗರ್ ಒತ್ತಬೇಕು. ಹಳೆಯದಕ್ಕೆ ಸವೆದ ಮರದ ಹಿಡಿ, ನೀಲಿ ಹೊಳಪು. ಭಾವ ಅದನ್ನು ಕೆಳಗಿಡಲೇ ಇಲ್ಲ.

ಕೈ ಜಾರಿ ಬಿದ್ದರೆ ಏನಾಗುತ್ತದೆ ಎಂದು ಅಕ್ಕ ಕೇಳಿದಳು. ಅಂಗಡಿಯವನು ಮುಚ್ಚಿಡಲಿಲ್ಲ. ಹಳೆಯದರ ಸುತ್ತಿಗೆ ನೇರ ಗುಂಡಿನ ಮೇಲೇ ಕೂರುತ್ತದೆ, ಬಿದ್ದರೆ ಹಾರಬಹುದು. ಅದಕ್ಕೇ ಸುತ್ತಿಗೆಯ ಕೆಳಗಿನ ಒಂದು ಗೂಡಿಗೆ ಗುಂಡು ಹಾಕದೆ ಬಿಡುವುದು ರೂಢಿ. ಹೊಸದರಲ್ಲಿ ಟ್ರಿಗರ್ ಒತ್ತದ ಹೊರತು ಪೆಟ್ಟು ಗುಂಡಿಗೆ ತಾಗದು.

"ಒಂದು ಬಿಟ್ಟು ಲೋಡ್ ಮಾಡಿದ್ರೆ ಆಯ್ತಲ್ಲ ಕಣೇ," ಎಂದರು ಭಾವ.

"ಕಾರ್ ಎಲ್ಲಿ ಪಾರ್ಕ್ ಮಾಡಿದ್ದೀನಿ ಅನ್ನೋದೇ ನೆನಪಿರಲ್ಲ ನಿಮಗೆ. ಹೊಸದು ತಗೊಳ್ಳಿ."

ಹೊಸದನ್ನೇ ಕೊಂಡರು.

ಮರುದಿನ ಆಯುಧಪೂಜೆ. ದೇವರ ಮುಂದೆ ಸ್ಟೆತಸ್ಕೋಪು, ಹೊಲಿಗೆ ಯಂತ್ರ, ನಡುವೆ ಕುಂಕುಮ ಹಚ್ಚಿದ ರಿವಾಲ್ವರ್. ಮಗು ಅಲ್ಲೇ ಕೂತು ಹೂವಿನ ಎಸಳು ಕೀಳುತ್ತಿತ್ತು. ನನಗೆ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದೆ, ಬಂದೆ, ಕಿಟಕಿಯ ಬಳಿ ನಿಂತೆ, ಮತ್ತೆ ಬಂದೆ.

"ಭಾವ, ಖಾಲಿ ಇದೆ ತಾನೇ?"

"ಪೇಪರ್ ಆಫೀಸ್ ಬುದ್ಧಿ ಹೋಗ್ಲಿಲ್ಲ ನೋಡು. ಕೂತ್ಕೋ ಸುಮ್ನೆ."

ಅದು ಉತ್ತರವಾಗಿರಲಿಲ್ಲ. ರಿವಾಲ್ವರ್ ಎತ್ತಿಕೊಂಡೆ. ಬದಿಯ ಪುಟ್ಟ ಬಾಗಿಲು ತೆರೆದು ಗುಂಡು ತುಂಬುವ ಉರುಳೆಯನ್ನು ಮೆಲ್ಲಗೆ ತಿರುಗಿಸಿದೆ. ಖಾಲಿ. ಖಾಲಿ. ಆಮೇಲೆ ಹಿತ್ತಾಳೆ ಹೊಳೆಯಿತು.

"ಪೂಜೆಗೆ ಬರಿದು ಇಡಬಾರದು ಅಂತ ಒಂದೇ ಒಂದು ಹಾಕಿದ್ದೆ," ಎಂದರು ಭಾವ, ಆರತಿ ತಟ್ಟೆ ಸಿದ್ಧಮಾಡುತ್ತಿದ್ದ ಅಕ್ಕನತ್ತ ತಿರುಗಿ. "ಕಳಶ ಖಾಲಿ ಇಡ್ತೀವಾ? ಬಿದ್ರೂ ಹಾರಲ್ಲ, ನೀನೇ ಆರಿಸಿದ್ದಲ್ವೇನೇ."

"ಬೀಳೋದಿರ್ಲಿ. ಇವಳು ಸುತ್ತಿಗೇನೂ ಎಳೀತಾಳೆ, ಟ್ರಿಗರ್ರೂ ಎಳೀತಾಳೆ." ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡಳು. "ಅದು ಮನೆ ಬಿಟ್ಟ ಮೇಲೇ ಮಂಗಳಾರತಿ."

ನಾನು ಗುಂಡು ತೆಗೆದು ಕೊಟ್ಟೆ. ಭಾವ ಎರಡನ್ನೂ ಕಾರಿನ ಡಿಕ್ಕಿಯಲ್ಲಿಟ್ಟು, ಪಂಚೆಯಲ್ಲೇ, ಸ್ನೇಹಿತರ ಫಾರ್ಮಿನ ಬೀರುವಿನಲ್ಲಿ ಬೀಗ ಹಾಕಿಸಲು ಹೊರಟರು. ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣುಗಳು ಪೂಜೆಗೆ ಮೊದಲೇ ಅಪ್ಪಚ್ಚಿಯಾದವು. ಮಗು ಪಾಯಸಕ್ಕೆ ಅಳತೊಡಗಿತು. ಅಕ್ಕ ಕೊಡಲಿಲ್ಲ, ಬೆಂಕಿಪೆಟ್ಟಿಗೆ ಹಿಡಿದು ಕೂತೇ ಇದ್ದಳು. ಭಾವ ಮರಳಿ ಬಂದು, ಹೊಸಿಲಲ್ಲೇ ನಿಂತು ಎರಡೂ ಅಂಗೈ ತೋರಿಸಿದ ಮೇಲೆ ಕಡ್ಡಿ ಗೀರಿದಳು.