ಹುಳಗಳು ತಲೆಯೆತ್ತಿ ನಿಂತ ಸಂಜೆ

ರೇಷ್ಮೆ ಹುಳಕ್ಕೆ ಮನುಷ್ಯರ ಮನಸ್ಸು ಗೊತ್ತಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದಾಗ ನಾನು ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದೆ. ಹೊರಗಿನವರನ್ನು ಹುಳದ ಮನೆಗೆ ಬಿಡಬಾರದು ಎನ್ನುವುದು ರೋಗ ಬರದಿರಲೆಂದು ಮಾಡಿಕೊಂಡ ಕಟ್ಟುಪಾಡು, ಅಷ್ಟೇ ಎಂದು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ. ಆದರೆ ಒಂದು ಸಂಜೆ ನಡೆದದ್ದನ್ನು ಆ ತಿಳಿವಳಿಕೆಯೊಳಗೆ ಸೇರಿಸಲು ನನಗೆ ಆಗುತ್ತಿಲ್ಲ. ಹೆಚ್ಚು ಓದಿದವಳಲ್ಲ ನಾನು, ನಡೆದದ್ದಷ್ಟನ್ನು ಹೇಳುತ್ತೇನೆ.

ನಮ್ಮ ತವರು ಮುಳಬಾಗಿಲು ಕಡೆಯ ಒಂದು ಹಳ್ಳಿ. ಅಮ್ಮ ತೀರಿಕೊಂಡಾಗ ತಮ್ಮ ಮುನಿರಾಜು ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ಅವನು ಓದಿದ, ಎಂಜಿನಿಯರ್ ಆದ, ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಒಂದು ವಿಮಾನ ಕಾರ್ಖಾನೆ ಸೇರಿದ. ರೆಕ್ಕೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಅಷ್ಟರಲ್ಲಿ ನಾನು ಮದುವೆಯಾಗಿ ಸುಗಟೂರಿನ ಹತ್ತಿರದ ಹಳ್ಳಿಗೆ ಬಂದಿದ್ದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಮೇಲೆ ವಿಮಾನ ಹೋದರೆ, "ನೋಡಮ್ಮ, ನಿನ್ ತಮ್ಮ ಹೋಗ್ತಾವ್ನೆ, ಕೈ ಬೀಸು" ಎಂದು ಹೆಂಗಸರು ಛೇಡಿಸುತ್ತಿದ್ದರು. ನಾನು ಬೀಸುತ್ತಲೂ ಇದ್ದೆ. ನನಗಿದ್ದ ಹೆಮ್ಮೆ ಅದೊಂದೇ.

ಆಮೇಲೆ ಅವನ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಲೆಕ್ಕವನ್ನು ಅದರಲ್ಲಿ ಮಾಡುವುದನ್ನು ಕಲಿತ ಮುನಿರಾಜು ಹೊಸದಾಗಿ ಸೇರಿದವರಿಗೂ ಹೇಳಿಕೊಡತೊಡಗಿದ. ಹೇಳಿಕೊಡುವುದರಲ್ಲೇ ಅವನ ಮನಸ್ಸು ನಿಂತಿತು. ಎಂಬತ್ತರ ದಶಕದ ನಡುವೆ ಕೆಲಸ ಬಿಟ್ಟು, ಕೋಲಾರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಲು ಒಪ್ಪಿಕೊಂಡ. ಸುದ್ದಿ ಊರಿಗೆ ತಿಳಿದ ಮೇಲೆ ನಾನು ತೋಟಕ್ಕೆ ಹೋಗುವ ದಾರಿಯನ್ನೇ ಬದಲಾಯಿಸಿದೆ.

ಆ ಸಲ ನಮ್ಮ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಕಳಚುವ ಮುನ್ನ ಹುಳ ಮೇವು ಬಿಟ್ಟು ಸುಮ್ಮನಾಗುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದರೆ ಮುಗಿಯಿತು, ಗೂಡು ಕಟ್ಟುವ ತನಕ ಹಗಲು ರಾತ್ರಿ ಮೇಯುವುದೇ ಕೆಲಸ. ಮನೆ ತುಂಬ ಹುಳ ಸಾಕುವ ಬಿದಿರಿನ ತಟ್ಟೆಗಳು. ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಜಗುಲಿಗೂ ಕೇಳುತ್ತಿತ್ತು. ಮಾಲೂರಿನಿಂದ ನಾದಿನಿ ಬಂದಿದ್ದಳು. ಕಾಲು ತೊಳೆದು ಒಳಗೆ ಬಂದವಳು ತಟ್ಟೆಗಳ ಪಕ್ಕದಲ್ಲೇ ಕೂತು ಊಟ ಮಾಡಿದಳು. "ಅಲ್ಲತ್ತಿಗೆ, ವಿಮಾನ ಇಳ್ದು ಚಾಕ್‌ಪೀಸ್ ಹಿಡ್ಕೊಂಡ್ನಂತಲ್ಲ ನಿಮ್ ತಮ್ಮ? ಅಂಥ ಕೆಲ್ಸಾನ ಯಾರಾದ್ರೂ ಸುಮ್ನೆ ಬಿಡ್ತಾರಾ? ಏನ್ ಮಾಡ್ಕೊಂಡ್ನೋ ಏನೋ!" ಎಂದಳು.

ಅದೇ ಸಂಜೆ ಮುನಿರಾಜು ಬಂದ. ಬಚ್ಚಲ ಬಳಿ ಕಾಲು ತೊಳೆದುಕೊಂಡು ಹೊಸಿಲಿಗೆ ಬಂದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹುಳ ಮೇಯ್ತಾ ಅವೆ ಕಣೋ. ಒಳಗೆ ಬರ್ಬೇಡ."

ಕಾಲು ತೊಳೆದ ನಮ್ಮವರಿಗೆ ಆ ಕಟ್ಟುಪಾಡಿಲ್ಲ. ಅದು ಅವನಿಗೂ ಗೊತ್ತಿತ್ತು.

"ಆಯ್ತಕ್ಕ, ಇಲ್ಲೇ ನಿಂತ್ಕೋತೀನಿ. ನಾಳೆ ನಂದು ಮೊದಲ್ನೇ ಪಾಠ. ಅಪ್ಪ ಮಾತಾಡಿಸ್ತಿಲ್ಲ. ನೀನಾದ್ರೂ ಒಂದ್ ಮಾತು ಹೇಳಕ್ಕ. ನಾನ್ ಮಾಡಿದ್ದು ಸರೀನಾ?"

ಅವನನ್ನು ಸಾಕಿದವಳು ನಾನು. ನನ್ನ ಒಂದು ಮಾತಿಗಾಗಿ ಅಷ್ಟು ದೂರ ಬಂದಿದ್ದ. ಒಳಗೆ ನಾದಿನಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಾಳೆ ಎನ್ನುವುದು ನನ್ನ ಬೆನ್ನಿಗೇ ತಿಳಿಯುತ್ತಿತ್ತು.

"ಬಸ್ಸು ತಪ್ಪಿಸ್ಕೋಬೇಡ, ಹೋಗು" ಎಂದೆ.

ಆಗ ಸದ್ದು ನಿಂತಿತು. ಕಡಿಮೆಯಾಗುತ್ತ ಬಂದು ನಿಂತದ್ದಲ್ಲ, ಒಮ್ಮೆಗೇ. ತಿರುಗಿ ನೋಡಿದೆ. ಹಾಕಿದ ಸೊಪ್ಪು ಹಾಗೇ ಇತ್ತು. ಎಲ್ಲ ತಟ್ಟೆಗಳಲ್ಲೂ ಹುಳಗಳು ತಲೆಯೆತ್ತಿ ಅಲುಗಾಡದೆ ನಿಂತಿದ್ದವು. ಜ್ವರಕ್ಕೆ ಕೂತಾಗ ಹಾಗೆ ನಿಲ್ಲುತ್ತವೆ. ಆದರೆ ಐದನೇ ಜ್ವರ ಎನ್ನುವುದು ಇಲ್ಲವೇ ಇಲ್ಲ. ಹೊರಗೆ ಮುನಿರಾಜು "ಬರ್ತೀನಕ್ಕ" ಎಂದು ಮೆಟ್ಟಿಲಿಳಿದು ಹೋದ. ಕೂಗಬೇಕು ಎಂದುಕೊಂಡೆ, ಹುಳಗಳನ್ನೇ ನೋಡುತ್ತ ನಿಂತೆ. ಊರಾಚೆ ಬಸ್ಸು ಹೊರಟದ್ದು ಕೇಳಿಸಿದ ಮೇಲೆ ಹುಳಗಳೆಲ್ಲ ಒಟ್ಟಿಗೇ ಮೇಯತೊಡಗಿದವು.

ನಾದಿನಿಯನ್ನು ಕೇಳಿದೆ. "ನಂಗೇನೂ ಗೊತ್ತಾಗ್ಲಿಲ್ವಲ್ಲ" ಎಂದಳು. ನಮ್ಮ ಯಜಮಾನರು, ಗುಡುಗಿಗೆ ಹೆದರಿರಬೇಕು ಎಂದರು. ಅಂದು ಗುಡುಗಿರಲಿಲ್ಲ. ಆ ಬೆಳೆ ಕೆಟ್ಟಿದ್ದರೆ, ನನಗೆ ಸಿಕ್ಕ ಶಿಕ್ಷೆ ಎಂದುಕೊಂಡು ಸಮಾಧಾನಪಡುತ್ತಿದ್ದೆನೇನೋ. ಗೂಡು ಚೆನ್ನಾಗಿಯೇ ಬಂದವು.

ಅದಾದ ಮೇಲೂ ಮುನಿರಾಜು ಎಷ್ಟೋ ಸಲ ಬಂದ. ಜಗುಲಿಯಲ್ಲೇ ಕೂತು, ತನ್ನ ವಿದ್ಯಾರ್ಥಿಗಳ ವಿಷಯ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದ. ಹುಳ ಇಲ್ಲದ ದಿನ ಒಳಗೆ ಕರೆದರೂ, "ಇರ್ಲಿ ಬಿಡಕ್ಕ, ಇಲ್ಲೇ ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದ. ವರ್ಷಗಳು ಕಳೆದ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಅವತ್ತು ಹುಳದ ಸದ್ದು ನಿಂತೋಯ್ತಲ್ಲ, ನಿಂಗೂ ಗೊತ್ತಾಯ್ತೇನೋ?"

ಅವನು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.

"ಸದ್ದು ಎಲ್ಲಿತ್ತಕ್ಕ? ನಾನು ಕಾಲು ತೊಳೆಯೋವಾಗ್ಲೂ ಮನೆ ನಿಶ್ಶಬ್ದವಾಗಿತ್ತು. ಹುಳಾನೇ ಇಲ್ಲ, ಅಕ್ಕ ನನ್ನ ಒಳಗೆ ಸೇರಿಸ್ದೆ ಇರೋಕೆ ಸುಳ್ಳು ಹೇಳ್ತಿದ್ದಾಳೆ ಅಂದ್ಕೊಂಡೇ ಹೋದೆ."

ಜಗುಲಿಗೆ ಕೇಳುವ ಸದ್ದು ಅವನಿಗೇಕೆ ಕೇಳಿಸಲಿಲ್ಲ, ಇವತ್ತಿಗೂ ನನಗೆ ತಿಳಿದಿಲ್ಲ.

"ಇದ್ವು ಕಣೋ, ಮನೆ ತುಂಬ ಇದ್ವು" ಎಂದೆ. ನಾನು ಹೇಳಿದ್ದು ಸುಳ್ಳಲ್ಲ ಎನ್ನಲು ಮಾತ್ರ ಬಾಯಿ ಬರಲಿಲ್ಲ.